ಯಾರ ಕೊಳಗದಲ್ಲಿ ಅಳೆದ ಸುರಕ್ಷತೆ?

ಕೈಗಾದ ಅಣುಸ್ಥಾವರ ನಮ್ಮ ಸಾಗರದಿಂದ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 100 ಕಿಲೋಮೀಟರು. ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. 700 ಮೆಗಾವಾಟಿನ ಇನ್ನೆರಡಕ್ಕೆ ತಯಾರಿ ನಡೆದಿದೆ. ಕೈಗಾ ಬೇಡ ಅಂತ 1989ರಲ್ಲಿ ಶಿವರಾಮ ಕಾರಂತರು ಲೋಕಸಭೆಗೆ ನಿಂತರು, ಸೋತರು. ಈಗ ಓದಿದವರು ಹೊಸ ಮಾತು ತಂದಿದ್ದಾರೆ: ಅಣು ಇಂಧನಕ್ಕೆ ಸೆರಾಮಿಕ್ ಕವಚ ಬರುತ್ತದಂತೆ, ಇನ್ನು ಹೆದರಬೇಕಿಲ್ಲವಂತೆ. ಹೆದರುವುದೋ ಬಿಡುವುದೋ ಆಮೇಲಿನ ಮಾತು. ಒಳಗೆ ಏನಿದೆ ಅಂತ ನಾವೂ ಇಣುಕಿ ನೋಡೋಣ. ವಿಜ್ಞಾನ ಯಾರಪ್ಪನ ಮನೆಯ ಉಂಬಳಿಯೂ ಅಲ್ಲ.

ಯುರೇನಿಯಂ ಆಕ್ಸೈಡಿನ ಪುಡಿಯನ್ನು ಒತ್ತಿ, ಸುಮಾರು 1,700 ಡಿಗ್ರಿಯಲ್ಲಿ ಸುಟ್ಟು, ಬೆರಳ ತುದಿಯಷ್ಟು ಬಿಲ್ಲೆ ಮಾಡುತ್ತಾರೆ. ಕುಂಬಾರರು ಮಡಕೆ ಸುಡುವ ಹಾಗೇ. ಬಿಲ್ಲೆಯೂ ಒಂದು ಸೆರಾಮಿಕ್ಕೇ. ಬಿಲ್ಲೆಗಳನ್ನು ಜಿರ್ಕೋನಿಯಂ ಮಿಶ್ರಲೋಹದ ತೆಳು ಕೊಳವೆಗಳಲ್ಲಿ ತುಂಬಿ ಬಾಯಿ ಬೆಸೆಯುತ್ತಾರೆ. ಅಂಥ 19 ಕೊಳವೆ ಸೇರಿದರೆ ಅರ್ಧ ಮೀಟರು ಉದ್ದದ ಒಂದು ಕಟ್ಟು. ಕೈಗಾದ ಒಂದೊಂದು ಘಟಕದ ಹೊಟ್ಟೆಯಲ್ಲಿ 306 ನಾಳಗಳು, ನಾಳಕ್ಕೆ 12 ಕಟ್ಟು. ಬಿಲ್ಲೆಯೊಳಗಿನ ವಿಷ ನೀರಿಗೆ ಸೇರದಂತೆ ತಡೆಯುವುದು ಆ ತೆಳು ಕೊಳವೆ. ಅದೇ ಕವಚ.

ಜಿರ್ಕೋನಿಯಂ ಒಳ್ಳೆಯ ಲೋಹ, ಕೆಟ್ಟ ಕಾಲ ಬರುವ ತನಕ. ಸ್ಥಾವರ ನಿಲ್ಲಿಸಿದರೂ ಇಂಧನ ಬಿಸಿ ಕಾರುತ್ತಲೇ ಇರುತ್ತದೆ. ಒಲೆ ಆರಿಸಿದರೂ ಕೆಂಡ ಆರುವುದಿಲ್ಲವಲ್ಲ, ಹಾಗೆ. ತಂಪು ಮಾಡುವ ನೀರು ನಿಂತು, ಶಾಖ 1,200 ಡಿಗ್ರಿ ದಾಟಿತೆಂದರೆ ಈ ಲೋಹ ಹಬೆಯಿಂದ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಅದರಿಂದ ಇನ್ನಷ್ಟು ಶಾಖ ಹುಟ್ಟುತ್ತದೆ. ಉಳಿದ ಜಲಜನಕ ಹೊರಬೀಳುತ್ತದೆ. 2011ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾದಲ್ಲಿ ಸುನಾಮಿ ಬಂದು ಕರೆಂಟು ಹೋದಾಗ ಆದದ್ದು ಇದೇ. ಕಟ್ಟಡಗಳನ್ನು ಸಿಡಿಸಿದ್ದು ಆ ಜಲಜನಕ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು.

ಆಮೇಲೆ ಜೋರಾಯಿತು ಬೇರೆ ಕವಚದ ಹುಡುಕಾಟ. ಸಿಲಿಕಾನ್ ಕಾರ್ಬೈಡ್ ಅಂದರೆ ಏನೋ ದೇವಲೋಕದ ವಸ್ತು ಅಂದುಕೊಳ್ಳಬೇಡಿ, ಕತ್ತಿ ಮಸೆಯುವ ಸಾಣೆ ಚಕ್ರದಲ್ಲಿ ಇರುವುದೂ ಅದೇ. ಹಬೆಯ ಜೊತೆ ಅದರ ಜಗಳ ಬಲು ನಿಧಾನ. ಲೋಹ ಸೋಲುವ ಬಿಸಿಯಲ್ಲೂ ಅದು ಗಟ್ಟಿ ನಿಲ್ಲುತ್ತದೆ. ಆದರೆ ಲೋಹ ಬಾಗುತ್ತದೆ, ಮಡಕೆ ಒಡೆಯುತ್ತದೆ. ಒಡೆಯದಿರಲಿ ಅಂತ ಸಿಲಿಕಾನ್ ಕಾರ್ಬೈಡಿನದೇ ಎಳೆಗಳನ್ನು ಬುಟ್ಟಿ ಹೆಣೆದಂತೆ ಹೆಣೆದು, ನಡುವೆ ಅದನ್ನೇ ತುಂಬಿ ಕೊಳವೆ ಮಾಡುತ್ತಾರೆ. ಹೆಣೆದದ್ದರಲ್ಲಿ ಕೂದಲಿಗಿಂತ ಸಣ್ಣ ಬಿರುಕು ಬಿಟ್ಟರೂ ಒಳಗಿನ ಅನಿಲ ಸೋರುತ್ತದೆ. ಬಾಯಿ ಮುಚ್ಚುವ ಬೆಸುಗೆಯೂ ಕಷ್ಟ. ಅದಕ್ಕೇ ವಿದ್ಯುತ್ ಮಾರುವ ಸ್ಥಾವರಗಳಲ್ಲಿ ಇದು ಇನ್ನೂ ವಾಡಿಕೆಗೆ ಬಂದಿಲ್ಲ. ಬಂದರೂ ಅದು ಕೊಡುವುದು ವೇಳೆಯನ್ನು. ನೀರು ಮತ್ತೆ ಹರಿಸಲು ಒಳಗಿನ ಇಂಜಿನಿಯರಿಗೆ ಇನ್ನಷ್ಟು ಗಂಟೆ ಸಿಗುತ್ತದೆ.

ಬರಲಿ. ನಾವು ಬೇಡ ಅನ್ನುವುದಿಲ್ಲ. ವೈಸರಾಯ್ ಮಂಡಳಿಯಲ್ಲಿ 1942ರಿಂದ 1946ರವರೆಗೆ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತಿನ ಹೊಣೆಯೂ ಬಾಬಾಸಾಹೇಬರ ಮೇಲಿತ್ತು. ಯಂತ್ರ ಬಂದರೆ ಕತ್ತೆದುಡಿತ ಕಡಿಮೆಯಾಗುತ್ತದೆ ಅಂತ ನಂಬಿದ ಮನುಷ್ಯ ಅವರು. ಚಿಮಣಿ ಬುಡ್ಡಿಯನ್ನು ಹಾಡಿ ಹೊಗಳುವ ಕೆಲಸ ಬುಡ್ಡಿಯಡಿ ಓದದವರಿಗೆ ಇರಲಿ. ನಮ್ಮ ತಕರಾರು ಇರುವುದು ‘ಸುರಕ್ಷಿತ’ ಅನ್ನುವ ಮಾತಿನ ಅಳತೆಯಲ್ಲಿ.

ಅಳತೆಯ ಜಗಳ ನಮಗೆ ಹೊಸತಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದದ್ದು ಕೊಳಗದ ಮೇಲೆ. ಒಡೆಯರು ಗೇಣಿ ಅಳೆಯುವ ಕೊಳಗ ದೊಡ್ಡದು. ಎಣಿಕೆ ಸರಿಯಿತ್ತು, ಲೆಕ್ಕ ತಪ್ಪಿರಲಿಲ್ಲ, ಕೊಳಗವೇ ಮೋಸ. ಗಣಪತಿಯಪ್ಪನವರು ಮುಂದೆ ನಿಂತರು, ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು ಜೊತೆಯಾದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳೆಯುವ ಪಾತ್ರೆ ಯಾರ ಕೈಯಲ್ಲಿದೆ ಅಂತ ಕೇಳಲು ನಮಗೆ ಕಲಿಸಿದ್ದು ಆ ಗೇಣಿದಾರರು.

ಅದೇ ಪ್ರಶ್ನೆಯನ್ನು ಕೊಳವೆಗೆ ಕೇಳಿ. ಬಿಲ್ಲೆಗೆ ಕವಚವಿದೆ, ಗಣಿಗೆ ಎಲ್ಲಿದೆ? ಜಾರ್ಖಂಡದ ಜಾದುಗುಡದಲ್ಲಿ 1960ರ ದಶಕದಿಂದ ಯುರೇನಿಯಂ ತೆಗೆಯುತ್ತಿದ್ದಾರೆ. ಅದಿರು ಹಿಂಡಿದ ರೊಚ್ಚನ್ನು ಸುರಿದ ಕೆರೆಗಳು ಆದಿವಾಸಿಗಳ ಊರ ಪಕ್ಕದಲ್ಲಿವೆ. ಕೈಗಾದಲ್ಲೇ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಸೇರಿ 50ಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋಯಿತು. ಒಳಗಿನವರೇ ಯಾರೋ ಬೆರೆಸಿದ್ದು ಅಂತ ಆಡಳಿತ ಹೇಳಿತು. ಇಂಧನದ ಕವಚ ಆಗ ಗಟ್ಟಿಯಾಗಿಯೇ ಇತ್ತು. ಸೆರಾಮಿಕ್ ಇದ್ದರೂ ಆ ನೀರನ್ನು ತಡೆಯುತ್ತಿರಲಿಲ್ಲ.

ಇನ್ನೂ ಹತ್ತಿರ ಬನ್ನಿ. ಮನುಷ್ಯನಿಂದ ಮಲ ಹೊರಿಸಬಾರದು ಅಂತ 1993ರಲ್ಲಿ ಒಂದು ಕಾನೂನು, ಮಲದ ಗುಂಡಿಗೆ ಅವನನ್ನು ಇಳಿಸಬಾರದು ಅಂತ 2013ರಲ್ಲಿ ಇನ್ನೊಂದು. ಗುಂಡಿ ಹೀರುವ ಯಂತ್ರಕ್ಕೆ ಹೊಸ ಸೆರಾಮಿಕ್ ಬೇಕಿಲ್ಲ, ಅದು ಎಂದೋ ಬಂದಿದೆ. ಆದರೂ ನಮ್ಮವರು ಇಳಿಯುತ್ತಿದ್ದಾರೆ, ಉಸಿರುಕಟ್ಟಿ ಸಾಯುತ್ತಿದ್ದಾರೆ. ಈ ದೇಶದಲ್ಲಿ ಸುರಕ್ಷತೆ ಪ್ರಯೋಗಶಾಲೆಯಿಂದ ಹೊರಟು ನಮ್ಮ ಕೇರಿಗೆ ಬರುವ ಹೊತ್ತಿಗೆ ಎಷ್ಟು ಮನೆಯ ಜಗಲಿಯ ಮೇಲೆ ಕೂತು ಬರುತ್ತದೋ!

ಕರೆಂಟು ಅಂದರೆ ನಮ್ಮ ಮೂರು ತಾಲ್ಲೂಕಿಗೆ ಬರೀ ಬೆಳಕಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಸಾಗರ, ಹೊಸನಗರದ ಊರುಗಳು ಮುಳುಗಿದವು. ಆಮೇಲೆ ಹೊಸನಗರದಲ್ಲಿ ಚಕ್ರಾ, ಸಾವೆಹಕ್ಲು, ಮಾಣಿ. ಅಣೆಕಟ್ಟುಗಳು ಭದ್ರವಾಗಿಯೇ ನಿಂತಿವೆ. ಇಂಜಿನಿಯರಿನ ಕೊಳಗದಲ್ಲಿ ಅಳೆದರೆ ಎಲ್ಲವೂ ಸುರಕ್ಷಿತ. ಮುಳುಗಡೆಯವರ ಮನೆಗಳಲ್ಲಿ ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುವವರಿದ್ದಾರೆ. “ಕಟ್ಟೆ ಒಡೀಲಿಲ್ಲ ತಮಾ, ನಾವು ಒಡೆದು ಹೋದ್ವಿ” ಅಂತ ಒಬ್ಬ ಅಜ್ಜಿ ನಮಗೆ ಹೇಳಿದ್ದಳು. ಆ ಮಾತಿಗೆ ಯಾವ ಕಾಲೇಜಿನಲ್ಲೂ ನಮಗೆ ಉತ್ತರ ಕಲಿಸಿಲ್ಲ.

ಹಾಗಾಗಿ ಗೆಳೆಯರೇ, ಮೇಷ್ಟ್ರುಗಳೇ, ಸೆರಾಮಿಕ್ ಕವಚದ ಬಗ್ಗೆ ಮಾತಾಡಲು ಯಾರಾದರೂ ನಿಮ್ಮ ಶಾಲೆಗೆ ಬಂದರೆ ಬಾಗಿಲು ತೆಗೆಯಿರಿ, ಚಾ ಕೊಡಿ. ಮಕ್ಕಳು ಜಿರ್ಕೋನಿಯಂ ಬಗ್ಗೆ, ಜಲಜನಕದ ಬಗ್ಗೆ ಚೆನ್ನಾಗಿ ಕೇಳಿ ತಿಳಿಯಲಿ. ಆಮೇಲೆ ಇದನ್ನೂ ಕೇಳಲಿ: ಆ ಕವಚ ಉಳಿಸಿಕೊಡುವ ಗಂಟೆಗಳಲ್ಲಿ ಕಾಡಂಚಿನ ಗುಡಿಸಲಿಗೆ ಸುದ್ದಿ ತರುವವರು ಯಾರು, ಯಾವ ಭಾಷೆಯಲ್ಲಿ? ಬಸ್ಸು ಮೊದಲು ಕಾಲೊನಿಗೆ ಬರುತ್ತದೋ, ಕ್ವಾರ್ಟರ್ಸಿಗೋ? ಎಲ್ಲ ಮುಗಿದ ಮೇಲೆ ಒಳಗೆ ಹೋಗಿ ತೊಳೆಯುವವನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೋ, ಗುತ್ತಿಗೆದಾರನ ಜೇಬಿನ ಚೀಟಿಯಲ್ಲೋ?