ಅನ್ನವನ್ನು ಹಳಿಯದಿರಿ, ಅತಿಥಿಯನ್ನು ಒತ್ತಾಯಿಸದಿರಿ

ಅನ್ನಾಹಾರವು ಅಲ್ಲಾಹನ ಕೊಡುಗೆ. ಅದನ್ನು ಇತರರೊಂದಿಗೆ ಹಂಚಿಕೊಂಡು ಉಣ್ಣುವುದು ಆ ಕೊಡುಗೆಗೆ ಸಲ್ಲಿಸುವ ಕೃತಜ್ಞತೆಯ ಒಂದು ರೂಪ. ವಲೀಮಾ, ಅಖೀಖಾ, ಇಫ್ತಾರ್, ಈದ್ ಎಂದು ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ದಾವತ್ ಇಲ್ಲದ ತಿಂಗಳು ಕಡಿಮೆ. ಸಂಬಂಧಗಳನ್ನು ಬೆಸೆಯಬೇಕಾದ ಈ ದಸ್ತರ್‌ಖಾನ್‌ಗಳೇ ಈಚೆಗೆ ಮನಸ್ತಾಪಕ್ಕೂ ಕಾರಣವಾಗುತ್ತಿವೆ.

ಒಬ್ಬರಿಗೆ ಎಣ್ಣೆ ಹೆಚ್ಚಾಯಿತು, ಇನ್ನೊಬ್ಬರಿಗೆ ಮಾಂಸ ಬೇಯಲಿಲ್ಲ. ಒಬ್ಬರು ಅನ್ನ ಬಿಟ್ಟು ಆರು ತಿಂಗಳಾಯಿತೆಂದು ಪಂಕ್ತಿಗೆಲ್ಲ ಕೇಳುವಂತೆ ಸಾರುತ್ತಾರೆ. ಇನ್ನೊಂದು ಕಡೆ, ಸಕ್ಕರೆ ಕಾಯಿಲೆಯವರು ಬೇಡ ಬೇಡವೆಂದರೂ ಮನೆಯವರು ತಟ್ಟೆಗೆ ಸಿಹಿ ಸುರಿಯುತ್ತಾರೆ. ಅಲ್ಲಿ ಅತಿಥೇಯನ ಮನಸ್ಸು ನೋಯುತ್ತದೆ, ಇಲ್ಲಿ ಅತಿಥಿಯ ದೇಹ ನೋಯುತ್ತದೆ. ಇಷ್ಟವಿಲ್ಲದ್ದನ್ನು ತಿನ್ನದಿರುವುದು ಪಾಪವೇ? ಬಡಿಸಿದವರ ಮೇಲೆ, ಉಣ್ಣುವವರ ಮೇಲೆ ಯಾವ ಯಾವ ಹೊಣೆಗಳಿವೆ? ಈ ಪ್ರಶ್ನೆಗಳಿಗೆ ನಮ್ಮ ದೀನ್ ಸ್ಪಷ್ಟವಾದ ಉತ್ತರ ನೀಡಿದೆ.

ಪ್ರವಾದಿವರ್ಯರ ಮಾದರಿ

ಪ್ರವಾದಿವರ್ಯರು(ಸ) ಯಾವ ಆಹಾರವನ್ನೂ ಎಂದೂ ಹಳಿದವರಲ್ಲ. ಇಷ್ಟವಾದರೆ ಉಣ್ಣುತ್ತಿದ್ದರು, ಇಷ್ಟವಾಗದಿದ್ದರೆ ಸುಮ್ಮನೆ ಬಿಡುತ್ತಿದ್ದರು ಎಂದು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ (ಬುಖಾರಿ, ಮುಸ್ಲಿಮ್). ಈ ವರದಿಯಲ್ಲಿ ಎರಡು ಮಾತುಗಳಿವೆ. ನಾವು ಒಂದನ್ನು ಹಿಡಿದು ಇನ್ನೊಂದನ್ನು ಮರೆಯುತ್ತೇವೆ. ಬಿಡುವ ಸ್ವಾತಂತ್ರ್ಯ ಇದೆ, ಹಳಿಯುವ ಸ್ವಾತಂತ್ರ್ಯ ಇಲ್ಲ.

ಒಮ್ಮೆ ಉಮ್ಮುಲ್ ಮೂಮಿನೀನ್ ಮೈಮೂನಾ(ರ) ಅವರ ಮನೆಯಲ್ಲಿ ಮರುಭೂಮಿಯ ಉಡದಂಥ ಪ್ರಾಣಿಯ ಸುಟ್ಟ ಮಾಂಸವನ್ನು ಮುಂದಿಡಲಾಯಿತು. ಅದು ಏನೆಂದು ತಿಳಿದಾಗ ಪ್ರವಾದಿವರ್ಯರು(ಸ) ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಜೊತೆಗಿದ್ದ ಖಾಲಿದ್ ಬಿನ್ ವಲೀದ್(ರ), ಇದು ಹರಾಮೇ ಎಂದು ಕೇಳಿದರು. ಅಲ್ಲ, ನನ್ನ ಜನರ ನಾಡಿನಲ್ಲಿ ಇದು ಇರಲಿಲ್ಲವಾದ್ದರಿಂದ ನನಗೆ ಒಗ್ಗುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಖಾಲಿದ್(ರ) ಅದನ್ನು ತಮ್ಮತ್ತ ಎಳೆದುಕೊಂಡು ಉಂಡರು, ಪ್ರವಾದಿವರ್ಯರು(ಸ) ನೋಡುತ್ತಿದ್ದರು, ತಡೆಯಲಿಲ್ಲ (ಬುಖಾರಿ, ಮುಸ್ಲಿಮ್). ತಮಗೆ ಒಗ್ಗದ್ದನ್ನು ಬಿಟ್ಟರು. ಆದರೆ ಮಾಡಿದವರನ್ನು ದೂರಲಿಲ್ಲ, ತಿನ್ನುವವರ ಮುಂದೆ ಮುಖ ಸಿಂಡರಿಸಲಿಲ್ಲ, ತಮ್ಮ ರುಚಿಯನ್ನು ಇತರರಿಗೆ ನಿಯಮ ಮಾಡಲಿಲ್ಲ.

ಮದೀನಾದಲ್ಲಿ ಅಬೂ ಅಯ್ಯೂಬ್ ಅನ್ಸಾರಿ(ರ) ಅವರ ಮನೆಯಲ್ಲಿ ತಂಗಿದ್ದಾಗಲೂ ಹೀಗೆಯೇ ಆಯಿತು. ಬೆಳ್ಳುಳ್ಳಿ ಹಾಕಿದ್ದ ಅಡುಗೆ ಒಂದು ದಿನ ಮುಟ್ಟದೆಯೇ ಹಿಂದಿರುಗಿತು. ಮನೆಯವರು ಗಾಬರಿಗೊಂಡರು. ಅದು ಹರಾಮಲ್ಲ, ವಾಸನೆಯ ಕಾರಣ ತಮಗೆ ಬೇಡವಷ್ಟೆ ಎಂದು ಪ್ರವಾದಿವರ್ಯರು(ಸ) ತಿಳಿಸಿದರು (ಮುಸ್ಲಿಮ್). ಬೇಡವೆಂದರೆ ಕಾರಣವನ್ನು ಸೌಮ್ಯವಾಗಿ ಹೇಳಿ ಅತಿಥೇಯನ ಗಾಬರಿಯನ್ನು ನೀಗಿಸಬೇಕು ಎಂಬ ಪಾಠ ಇಲ್ಲಿದೆ.

ಬಡಿಸಿದ ಕೈಯನ್ನು ನೋಡಿ

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗವನ್ನೇ ನಂಬಿದ ಮನೆಗಳು ಸಾವಿರಾರು. ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗಳ ಮದುವೆಗೆ ಆ ತಂದೆ ತಿಂಗಳುಗಟ್ಟಲೆ ಕೂಡಿಟ್ಟಿದ್ದಾನೆ, ಸಾಲದ್ದಕ್ಕೆ ಕೈಸಾಲ ಮಾಡಿದ್ದಾನೆ. ಹಿಂದಿನ ರಾತ್ರಿಯಿಂದ ದೇಗ್‌ನ ಮುಂದೆ ನಿಂತಿದ್ದಾನೆ. ಬೆಂಗಳೂರಿನಿಂದ ಕಾರಿನಲ್ಲಿ ಬಂದ ಬಂಧುವೊಬ್ಬರು ಎರಡು ತುತ್ತು ತಿಂದು, ‘ಏನು ಭಾಯಿ, ಯಾವ ಬಾಬರ್ಚಿಯನ್ನು ಹಿಡಿದಿದ್ದಿರಿ?’ ಎಂದು ನಕ್ಕುಬಿಡುತ್ತಾರೆ. ಹೇಳಿದವರಿಗೆ ಅದು ಕೈ ತೊಳೆಯುವಷ್ಟರಲ್ಲಿ ಮರೆತುಹೋಗುವ ಮಾತು. ಕೇಳಿದ ತಂದೆಗೆ? ಸಾಲ ತೀರಿದ ಮೇಲೂ ಆ ಮಾತು ತೀರುವುದಿಲ್ಲ. ಒಬ್ಬ ವಿಶ್ವಾಸಿಯ ಹೃದಯವನ್ನು ನೋಯಿಸಿದ್ದಕ್ಕೆ ನಾಳೆ ಅಲ್ಲಾಹನ ಮುಂದೆ ಉತ್ತರ ಕೊಡಬೇಕಾದೀತೆಂಬ ಭಯ ನಮಗೆ ಬೇಡವೇ?

ವಿಚಿತ್ರವೆಂದರೆ, ಹೊಸಕೋಟೆಯ ಬಿರಿಯಾನಿಗಾಗಿ ಭಾನುವಾರ ಬೆಳಕು ಹರಿಯುವ ಮೊದಲೇ ಹಣ ಕೊಟ್ಟು ಸಾಲಿನಲ್ಲಿ ನಿಂತು ಕಾಯುವ ತಾಳ್ಮೆ ನಮಗಿದೆ. ಬಂಧುವಿನ ಮನೆಯಲ್ಲಿ ಪ್ರೀತಿಯಿಂದ ಬಡಿಸಿದ ಒಂದು ಊಟಕ್ಕೆ ಮಾತ್ರ ಆ ತಾಳ್ಮೆ ಇಲ್ಲವಾಗುತ್ತದೆ!

ಪ್ರವಾದಿವರ್ಯರು(ಸ) ಒಮ್ಮೆ ಮನೆಯಲ್ಲಿ ರೊಟ್ಟಿಗೆ ನಂಜಿಕೊಳ್ಳಲು ಏನಿದೆ ಎಂದು ಕೇಳಿದಾಗ ಸಿರ್ಕಾ ಬಿಟ್ಟು ಬೇರೇನೂ ಇರಲಿಲ್ಲ. ಅದನ್ನೇ ತರಿಸಿ, ಎಷ್ಟು ಒಳ್ಳೆಯ ವ್ಯಂಜನವೆಂದು ಹೊಗಳುತ್ತಾ ಉಂಡರು (ಮುಸ್ಲಿಮ್). ಇದ್ದುದರಲ್ಲಿ ಒಳ್ಳೆಯದನ್ನು ಕಂಡು ಹೇಳುವ ಆ ನಾಲಿಗೆ ಎಲ್ಲಿ, ಹತ್ತು ಬಗೆಯಿದ್ದರೂ ಕುಂದನ್ನೇ ಹುಡುಕುವ ನಮ್ಮ ನಾಲಿಗೆ ಎಲ್ಲಿ?

ಹೊಸ ಹೊಸ ಪಥ್ಯಗಳು

ಈಗ ಮೊಬೈಲ್ ತೆರೆದರೆ ತಿಂಗಳಿಗೊಂದು ಹೊಸ ಪಥ್ಯ. ಅನ್ನ, ರೊಟ್ಟಿ ಬಿಟ್ಟು ಹೆಚ್ಚಾಗಿ ಕೊಬ್ಬಿನ ಆಹಾರ ತಿನ್ನುವ ಕೀಟೊ ಒಂದು. ದಿನಕ್ಕೆ ಹದಿನಾರು ತಾಸು ಹಸಿದಿರುವುದು ಇನ್ನೊಂದು. ಕೀಟೊ ಪಥ್ಯವನ್ನು 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಸೂಚಿಸಿದ್ದು ಮೂರ್ಛೆರೋಗಿಗಳಿಗಾಗಿ. ವೈದ್ಯರ ಕಣ್ಗಾವಲಿನಲ್ಲಿ ಮಾಡಬೇಕಾದ ಚಿಕಿತ್ಸೆ ಇಂದು ನೆರೆಹೊರೆಯವರ ಬಾಯಿಮಾತಿನಿಂದ ಹರಡುತ್ತಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೀಗೆ ಅನ್ನ ಬಿಟ್ಟರೆ ಅಥವಾ ಹಸಿದಿದ್ದರೆ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ದೇಹವನ್ನು ಹಗುರವಾಗಿಟ್ಟುಕೊಳ್ಳಲು ಯತ್ನಿಸುವುದು ತಪ್ಪಲ್ಲ. ದೇಹವೂ ಒಂದು ಅಮಾನತ್. ಆದರೆ ಅಲ್ಲಾಹನು ಹಲಾಲ್ ಮಾಡಿದ ಒಳ್ಳೆಯ ವಸ್ತುಗಳನ್ನು ವಿಶ್ವಾಸಿಗಳು ತಮ್ಮ ಮೇಲೆ ತಾವೇ ನಿಷಿದ್ಧ ಮಾಡಿಕೊಳ್ಳಬಾರದೆಂದು ಕುರ್‌ಆನ್ ಎಚ್ಚರಿಸಿದೆ (5:87). ಅನ್ನವನ್ನು ವಿಷವೆಂದೂ ಸಿಹಿಯನ್ನು ಪಾಪವೆಂದೂ ಕರೆಯುವವರು ಈ ಎಚ್ಚರಿಕೆಯನ್ನು ನೆನೆಯಲಿ. ಉಣ್ಣಿರಿ, ಕುಡಿಯಿರಿ, ಮಿತಿ ಮೀರದಿರಿ ಎಂಬುದೇ ಕುರ್‌ಆನಿನ ಆಹಾರ ನೀತಿಯ ಸಾರ (7:31). ಹೊಟ್ಟೆಯ ಮೂರನೆಯ ಒಂದು ಭಾಗ ಅನ್ನಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ ಬೋಧನೆಗಿಂತ (ತಿರ್ಮಿದಿ) ಸರಳವಾದ ಪಥ್ಯ ಇನ್ನಾವುದಿದೆ?

ನಮ್ಮ ಜಿಲ್ಲೆಯ ಹಿರಿಯರು ರಾಗಿಮುದ್ದೆ ಉಂಡು ಹೊಲದಲ್ಲಿ ದುಡಿದರು. ನಡುವೆ ಒಂದು ತಲೆಮಾರು ರಾಗಿಯನ್ನು ಬಡವರ ಊಟವೆಂದು ಕೈಬಿಟ್ಟಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರುವ ಹೊತ್ತಿಗೆ ಅದೇ ರಾಗಿ ಬಣ್ಣದ ಪೊಟ್ಟಣದಲ್ಲಿ ದುಬಾರಿಯಾಗಿ ಮರಳಿ ಬಂದಿತ್ತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಅಂದೂ ಇತ್ತು, ಇಂದೂ ಇದೆ. ಬದಲಾದದ್ದು ನಮ್ಮ ಕಣ್ಣು ಮಾತ್ರ. ಆಹಾರವನ್ನು ಹಳಿಯುವವನು ಎಷ್ಟೋ ಸಲ ಅಲ್ಲಾಹನ ಕೊಡುಗೆಯ ಬೆಲೆಯನ್ನೇ ಅರಿಯದವನಾಗಿರುತ್ತಾನೆ.

ಪಥ್ಯದಲ್ಲಿರುವವರು ದಾವತ್‌ಗೆ ಹೋಗಲೇಬಾರದೇ? ಖಂಡಿತ ಹೋಗಬೇಕು. ಆಹ್ವಾನಿಸಲ್ಪಟ್ಟವರು ಒಪ್ಪಿ ಹೋಗಲಿ, ಅಲ್ಲಿ ಬೇಕಿದ್ದರೆ ಉಣ್ಣಲಿ, ಇಲ್ಲವಾದರೆ ಬಿಡಲಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಮುಸ್ಲಿಮ್). ಉಪವಾಸವಿರುವವನು ಸಹ ಹೋಗಿ ಮನೆಯವರಿಗಾಗಿ ದುಆ ಮಾಡಬೇಕೆಂದು ಇನ್ನೊಂದು ಹದೀಸ್ ತಿಳಿಸುತ್ತದೆ. ದಾವತ್‌ನ ತಿರುಳು ಬಾಂಧವ್ಯದಲ್ಲಿದೆ, ತಟ್ಟೆಯಲ್ಲಿಲ್ಲ. ಸಲ್ಮಾನ್ ಫಾರಿಸಿ(ರ) ಅತಿಥಿಯಾಗಿ ಬಂದಾಗ ಅಬುದ್ದರ್‌ದಾ(ರ) ಊಟ ತಂದಿಟ್ಟು, ತಾವು ಉಪವಾಸವೆಂದರು. ನೀವು ಉಣ್ಣದೆ ನಾನು ಉಣ್ಣುವುದಿಲ್ಲವೆಂದು ಸಲ್ಮಾನ್(ರ) ಕುಳಿತಾಗ ಅವರು ಐಚ್ಛಿಕ ಉಪವಾಸವನ್ನು ಬಿಟ್ಟು ಜೊತೆಗೆ ಉಂಡರು. ದೇಹಕ್ಕೂ ಮನೆಯವರಿಗೂ ಹಕ್ಕುಗಳಿವೆಯೆಂದು ಸಲ್ಮಾನ್(ರ) ಅಂದು ಹೇಳಿದ ಮಾತನ್ನು ಪ್ರವಾದಿವರ್ಯರು(ಸ) ಸರಿಯೆಂದು ಒಪ್ಪಿದರು (ಬುಖಾರಿ). ಅಲ್ಲಾಹನಿಗಾಗಿ ಇಟ್ಟ ಐಚ್ಛಿಕ ಉಪವಾಸಕ್ಕೇ ಇಷ್ಟು ಸಡಿಲವಿರುವಾಗ, ಸೊಂಟದ ಸುತ್ತಳತೆಗಾಗಿ ಹಿಡಿದ ಪಥ್ಯವನ್ನು ಒಂದು ಹೊತ್ತಿಗೆ ಒಂದೆರಡು ತುತ್ತಿನಷ್ಟು ಸಡಿಲಿಸಲಾಗದೇ?

ರೋಗಿಯ ಪಥ್ಯ ಬೇರೆ

ಆದರೆ ಚಟದ ಪಥ್ಯವನ್ನೂ ರೋಗಿಯ ಪಥ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಅಂದರೆ ನಮ್ಮ ಪ್ರತಿಯೊಂದು ದಾವತ್‌ನಲ್ಲೂ ಅಂಥವರು ಕುಳಿತಿರುತ್ತಾರೆ. ಶೇಂಗಾ ಅಥವಾ ಮೊಟ್ಟೆ ತಿಂದರೆ ಮೈಯೆಲ್ಲ ಊದಿ ಉಸಿರು ಕಟ್ಟುವ ಮಕ್ಕಳೂ ಇದ್ದಾರೆ. ಇದು ಸೊಗಸುಗಾರಿಕೆಯಲ್ಲ, ಜೀವದ ಪ್ರಶ್ನೆ.

ಉಮ್ಮುಲ್ ಮುಂದಿರ್(ರ) ಅವರ ಮನೆಗೆ ಪ್ರವಾದಿವರ್ಯರು(ಸ) ಅಲಿ(ರ) ಅವರೊಂದಿಗೆ ಬಂದರು. ಅಲಿ(ರ) ಆಗಷ್ಟೇ ಕಾಯಿಲೆಯಿಂದ ಎದ್ದಿದ್ದರು. ಅಲ್ಲಿ ತೂಗುಹಾಕಿದ್ದ ಖರ್ಜೂರದ ಗೊನೆಯಿಂದ ಇಬ್ಬರೂ ತಿನ್ನತೊಡಗಿದಾಗ, ನೀವಿನ್ನೂ ಚೇತರಿಸಿಕೊಳ್ಳುತ್ತಿದ್ದೀರೆಂದು ಹೇಳಿ ಪ್ರವಾದಿವರ್ಯರು(ಸ) ಅಲಿ(ರ) ಅವರನ್ನು ತಡೆದರು. ಬಳಿಕ ಆ ಮಹಿಳೆ ಬಾರ್ಲಿ ಮತ್ತು ಸೊಪ್ಪಿನ ಅಡುಗೆ ಮಾಡಿ ತಂದಾಗ, ಇದನ್ನು ತೆಗೆದುಕೊಳ್ಳಿ, ಇದು ನಿಮಗೆ ಹೆಚ್ಚು ಹಿತವೆಂದರು (ಅಬೂದಾವೂದ್, ತಿರ್ಮಿದಿ). ರೋಗಿಯು ಬೇರೆಯವರ ಮನೆಯಲ್ಲೂ ಪಥ್ಯ ಪಾಲಿಸಬಹುದು, ಜೊತೆಗಿರುವವರು ಅದಕ್ಕೆ ನೆರವಾಗಬೇಕು, ಮನೆಯವರು ಅವನಿಗೆ ಒಗ್ಗುವುದನ್ನು ಮುಂದಿಡಬೇಕು. ಈ ಮೂರೂ ಈ ಒಂದೇ ಘಟನೆಯಲ್ಲಿವೆ.

ನಮ್ಮಲ್ಲಿ ಏನಾಗುತ್ತಿದೆ? ‘ಒಂದು ದಿನ ತಿಂದರೆ ಏನೂ ಆಗೋಲ್ಲ ಖಾಲಾ, ಒಂದು ಮಾತ್ರೆ ಜಾಸ್ತಿ ನುಂಗಿ’ ಎನ್ನುತ್ತೇವೆ. ‘ನನ್ನ ಮೇಲಾಣೆ, ತಿನ್ನಲೇಬೇಕು’ ಎನ್ನುತ್ತೇವೆ. ಅಲ್ಲಾಹನ ಹೊರತು ಇತರರ ಮೇಲೆ ಆಣೆಯಿಡುವುದೇ ತಪ್ಪು. ಆ ಆಣೆಯಿಂದ ಒಬ್ಬ ರೋಗಿಯನ್ನು ಆಸ್ಪತ್ರೆಗೆ ಅಟ್ಟುವುದು ಆತಿಥ್ಯವಾದೀತೇ? ಪ್ರವಾದಿ ಇಬ್ರಾಹೀಮ್(ಅ) ಅಪರಿಚಿತ ಅತಿಥಿಗಳು ಬಂದಾಗ ಸದ್ದಿಲ್ಲದೆ ಒಳಗೆ ಹೋಗಿ ಕೊಬ್ಬಿದ ಕರುವಿನ ಅಡುಗೆ ತಂದು ಅವರ ಹತ್ತಿರಕ್ಕೇ ಸರಿಸಿ, ಉಣ್ಣುವುದಿಲ್ಲವೇ ಎಂದು ವಿನಯದಿಂದ ಕೇಳಿದರೆಂದು ಕುರ್‌ಆನ್ ವಿವರಿಸುತ್ತದೆ (51:24-27). ಇದ್ದುದರಲ್ಲಿ ಉತ್ತಮವಾದುದನ್ನು ತಂದರು, ಹತ್ತಿರಕ್ಕಿಟ್ಟರು, ಕೇಳಿದರು. ಬಾಯಿಗೆ ತುರುಕಲಿಲ್ಲ.

ಮಕ್ಕಳು ಮತ್ತು ನೆರೆಯವರು

‘ನಮ್ಮ ಹುಡುಗ ಇದನ್ನೆಲ್ಲ ಮುಟ್ಟೋದೇ ಇಲ್ಲ’ ಎಂದು ಮಗುವಿನೆದುರಿಗೇ ಹೆಮ್ಮೆಯಿಂದ ಹೇಳುವ ತಾಯಂದಿರಿದ್ದಾರೆ. ಎಳೆಯ ಮಕ್ಕಳು ಹೊಸ ತಿನಿಸಿಗೆ ಅಂಜುವುದು ಸಹಜ. ಗದರಿಸದೆ, ಹತ್ತು ಹದಿನೈದು ಸಲವಾದರೂ ಚೂರು ಚೂರು ಮುಂದಿಟ್ಟರೆ ಹೆಚ್ಚಿನ ಮಕ್ಕಳು ಒಪ್ಪಿಕೊಳ್ಳುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ಅವರು ಹಿರಿಯರನ್ನು ನೋಡಿ ಕಲಿಯುತ್ತಾರೆ. ಒಬ್ಬ ದರ್ಜಿಯ ದಾವತ್‌ನಲ್ಲಿ ಬಾರ್ಲಿ ರೊಟ್ಟಿ ಮತ್ತು ಸೋರೆಕಾಯಿ ಹಾಕಿದ ಸಾರನ್ನು ಬಡಿಸಲಾಗಿತ್ತು. ಪ್ರವಾದಿವರ್ಯರು(ಸ) ತಟ್ಟೆಯಲ್ಲಿ ಸೋರೆಯ ಹೋಳುಗಳನ್ನು ಹುಡುಕಿ ತಿನ್ನುತ್ತಿದ್ದುದನ್ನು ಅನಸ್(ರ) ಕಂಡರು. ಅಂದಿನಿಂದ ತನಗೂ ಸೋರೆ ಪ್ರಿಯವಾಯಿತೆಂದು ಅವರು ಹೇಳಿದ್ದಾರೆ (ಬುಖಾರಿ, ಮುಸ್ಲಿಮ್). ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸುವ ತಂದೆಯ ಮಗ ಏನನ್ನು ಕಲಿತಾನು?

ನಮ್ಮ ಊರುಗಳಲ್ಲಿ ಮದುವೆಗೆ ಬರುವ ನೆರೆಯವರಲ್ಲಿ ಸಸ್ಯಾಹಾರಿಗಳೂ ಇರುತ್ತಾರೆ. ಅವರ ನೇಮವನ್ನು ಚೇಷ್ಟೆ ಮಾಡುವುದು, ‘ಬರಿ ಮಸಾಲೆ ತಿನ್ನಿ, ಗೊತ್ತಾಗೋಲ್ಲ’ ಎನ್ನುವುದು ಮೋಸ. ಅವರಿಗಾಗಿ ಬೇರೆ ಒಲೆ, ಬೇರೆ ಪಾತ್ರೆ, ಬೇಕಿದ್ದರೆ ಅವರದೇ ಸಮುದಾಯದ ಅಡುಗೆಯವರನ್ನು ಏರ್ಪಡಿಸುವ ಒಳ್ಳೆಯ ರೂಢಿ ಹಲವು ಮನೆಗಳಲ್ಲಿದೆ. ಅದನ್ನು ಬಿಡಬೇಡಿ. ಕುರಿ ಕೊಯ್ದ ದಿನ ಅಬ್ದುಲ್ಲಾ ಬಿನ್ ಅಮ್ರ್(ರ), ನಮ್ಮ ಯಹೂದಿ ನೆರೆಯವನಿಗೆ ಕಳುಹಿಸಿದಿರಾ ಎಂದು ಮನೆಯವರನ್ನು ಮತ್ತೆ ಕೇಳಿದ್ದನ್ನು (ತಿರ್ಮಿದಿ) ನೆನಪಿಡಿ. ನೆರೆಯವನು ನೆಮ್ಮದಿಯಿಂದ ಉಣ್ಣಬಲ್ಲ ಊಟವೇ ಅವನಿಗೆ ಕೊಡಬೇಕಾದ ಗೌರವ.

ಎಂಜಲಾಗುವ ಅನ್ನ

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ತಜ್ಞರು 75 ಕಲ್ಯಾಣ ಮಂಟಪಗಳನ್ನು ಪರಿಶೀಲಿಸಿ 2012ರಲ್ಲಿ ಹೊರತಂದ ವರದಿಯ ಪ್ರಕಾರ, ಬೆಂಗಳೂರಿನ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಉತ್ತಮ ಆಹಾರ ಪೋಲಾಗುತ್ತಿತ್ತು. ನಮ್ಮ ಶಾದಿ ಮಹಲ್‌ಗಳು ಈ ಪಾಪದಿಂದ ದೂರವಿವೆಯೇ? ಕೆಳಗೆ ಬಿದ್ದ ತುತ್ತನ್ನೂ ಎತ್ತಿ, ಮಣ್ಣು ಒರೆಸಿ ತಿನ್ನಬೇಕೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟವೇ ಅತ್ಯಂತ ಕೆಟ್ಟ ಊಟವೆಂದು ಹದೀಸ್ ಹೇಳುತ್ತದೆ (ಬುಖಾರಿ, ಮುಸ್ಲಿಮ್). ಹಸಿದವನು ಊಟದಲ್ಲಿ ಕುಂದು ಹುಡುಕುವುದಿಲ್ಲ. ಅವನನ್ನೂ ಪಂಕ್ತಿಗೆ ಕರೆಯಿರಿ, ಬರಕತ್ ತಾನಾಗಿ ಬರುತ್ತದೆ.

ಆದುದರಿಂದ ಸಹೋದರ ಸಹೋದರಿಯರೇ, ಪಥ್ಯವಿದ್ದರೆ ದಾವತ್ ಒಪ್ಪಿಕೊಳ್ಳುವಾಗಲೇ ಮನೆಯವರಿಗೆ ಮೆಲ್ಲಗೆ ತಿಳಿಸಿ. ಬೇಡವಾದುದನ್ನು ಬಡಿಸುವ ಮೊದಲೇ ಬೇಡವೆನ್ನಿ, ಹಾಕಿಸಿಕೊಂಡು ಬಿಡಬೇಡಿ. ಉಂಡ ಒಂದು ತುತ್ತಿನ ಬಗ್ಗೆಯಾದರೂ ಒಳ್ಳೆಯ ಮಾತಾಡಿ, ಮನೆಯವರಿಗಾಗಿ ದುಆ ಮಾಡಿ. ಬಡಿಸುವವರು ಎರಡು ಸಲ ಕೇಳಿ, ಮೂರನೆಯ ಸಲ ಸುಮ್ಮನಾಗಿ. ಬಿರಿಯಾನಿಯ ದೇಗ್‌ನ ಪಕ್ಕದಲ್ಲಿ ಸಪ್ಪೆ ಸಾರು, ಸಕ್ಕರೆಯಿಲ್ಲದ ಒಂದು ಪಾನೀಯ ಇಟ್ಟರೆ ಖರ್ಚೇನೂ ಹೆಚ್ಚದು. ನಾಳೆ ಪ್ರತಿಯೊಂದು ಅನುಗ್ರಹದ ಬಗ್ಗೆ ನಮ್ಮನ್ನು ಪ್ರಶ್ನಿಸಲಾಗುವುದು. ಅಂದು ನಮ್ಮ ಹೊಟ್ಟೆಗೆ ಹೋದ ಅನ್ನ ಮಾತ್ರವಲ್ಲ, ನಮ್ಮ ನಾಲಿಗೆಯಿಂದ ನೊಂದ ಹೃದಯವೂ ಸಾಕ್ಷಿಯಾಗಿ ನಿಂತೀತು.

ಉಣಿಸಿದವರ ಅನ್ನದಲ್ಲಿ ಬರಕತ್ತನ್ನೂ, ಉಂಡವರ ನಾಲಿಗೆಯಲ್ಲಿ ಸೌಜನ್ಯವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.