ದಯೆಯೊಂದೇ ಸಾಕೆ?

ಬೇಸಿಗೆ ರಜೆಯಲ್ಲಿ ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಹಾಕದೆ ನಾವು ಹಿಂದಿರುಗುವುದುಂಟೇ? ಅಲ್ಲಿ ಮೀನು ಹಿಡಿಯುವವರಿಲ್ಲ. ದೇವರ ಮೀನೆಂಬ ಭಾವನೆಯೇ ಕಾವಲು. ಆದರೆ ನದಿಯ ಮೀನು ಉಳಿಯಲು ದಯೆಯೊಂದೇ ಸಾಕೆ? ಕಾವೇರಿಯ ಕಥೆ ತಿಳಿದಾಗಿನಿಂದ ಈ ಪ್ರಶ್ನೆ ನಮ್ಮನ್ನು ಕಾಡುತ್ತಿದೆ.

ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಬಾಳುವ ಮೀನೊಂದಿದೆ: ಗೂನುಬೆನ್ನಿನ ಮಹಸೀರ್. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು 120 ಪೌಂಡು ತೂಗಿತ್ತು. ಮಹಸೀರ್ ಸಂತತಿ ಕುಗ್ಗಿತೆಂದು 1970ರ ದಶಕದಿಂದೀಚೆಗೆ ಲೋನಾವಳದಲ್ಲಿ ಬೆಳೆಸಿದ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಬಿಟ್ಟವರು ಮೀನನ್ನು ಪ್ರೀತಿಸಿದವರೇ. ಆದರೆ ಆ ಮರಿಗಳು ಕೃಷ್ಣಾ ಕಣಿವೆಯ ನೀಲಿ ರೆಕ್ಕೆಯ ಮಹಸೀರ್. ಗಾಳಿಬೋರೆಯಲ್ಲಿ ಮೀನು ಹಿಡಿದು ಮರಳಿ ನೀರಿಗೆ ಬಿಡುತ್ತಿದ್ದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಯಲ್ಲಿ ಮೀನಿನ ಸಂಖ್ಯೆ ಏರಿದೆ, ಗೂನುಬೆನ್ನಿನದು ಮಾತ್ರ ಕ್ಷೀಣಿಸುತ್ತ ಬಂದಿದೆ. ಅದರ ಶಾಸ್ತ್ರೀಯ ಹೆಸರು 'ಟಾರ್ ರೆಮಾದೇವಿಯೈ' ಎಂದು ಖಚಿತವಾದದ್ದೇ 2018ರಲ್ಲಿ; ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಹೆಸರು ತಿಳಿಯುವ ಮೊದಲೇ ಉಪಕಾರ ಮಾಡಹೊರಟಿದ್ದೆವು!

ಕಚೇರಿಯಲ್ಲಿ ಲೆಕ್ಕ ಬರೆಯುವ ನಮಗೆ ಇದು ಹೊಸತಲ್ಲ. ಒಟ್ಟು ಮೊತ್ತ ತಾಳೆಯಾದರೂ ಒಂದು ಬಾಬಿನ ಹಣ ಇನ್ನೊಂದು ಬಾಬಿಗೆ ಹೋಗಿದ್ದರೆ ಲೆಕ್ಕ ತಪ್ಪೇ.

'ಹೊರಗಿನದು ಬಂದರೇನು? ನಾವೂ ಹೊರಗಿನಿಂದ ಹೈದರಾಬಾದಿಗೆ ಬಂದವರಲ್ಲವೇ?' ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವು ತೆಲುಗು ಕಲಿತೆವು, ನೆರೆಯವರೊಡನೆ ಹಬ್ಬ ಹಂಚಿಕೊಂಡೆವು. ಮನುಷ್ಯರದು ಎಲ್ಲಿದ್ದರೂ ಒಂದೇ ಕುಲ. ಗೂನುಬೆನ್ನಿನ ಮೀನಾದರೋ ಕಾವೇರಿಯಲ್ಲಿ ಅಳಿದರೆ ಅದಕ್ಕೆ ಬೇರೆ ಊರೇ ಇಲ್ಲ. ನೀಲಿ ರೆಕ್ಕೆಯ ಮೀನಿನದೂ ತಪ್ಪಿಲ್ಲ. ಅದು ತಾನಾಗಿ ಬಂದದ್ದಲ್ಲ. ಹೊಣೆ ತಂದವರದು.

ಆದ್ದರಿಂದ ಯೋಜನೆಯೆಂದರೆ ಮರಿ ಬಿಡುವ ಸಮಾರಂಭವಲ್ಲ. ಯಾವ ಹೊಳೆಯಲ್ಲಿ ಯಾವ ಮೀನಿದೆಯೆಂದು ಮೊದಲು ತಿಳಿಯಬೇಕು. ಮೊಟ್ಟೆಯಿಡಲು ಅದು ಮಳೆಗಾಲದಲ್ಲಿ ಏರುವ ದಾರಿಯನ್ನೂ ಬೇಸಿಗೆಯಲ್ಲಿ ಜೀವ ಹಿಡಿದಿರುವ ಮಡುವನ್ನೂ ಕಾಯಬೇಕು. ಮರಿ ಬೆಳೆಸಲೇಬೇಕಾದರೆ ಅದೇ ನದಿಯ ತಾಯಿಮೀನಿನಿಂದ ಬೆಳೆಸಬೇಕು.

ತುಂಗೆ ಭದ್ರೆಯನ್ನು ಕೂಡಿ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆಯ ನೀರು 2004ರಿಂದ ಹೈದರಾಬಾದಿನ ನಲ್ಲಿಗಳಿಗೆ ಬರುತ್ತಿದೆ. ನಾವು ಮಂಡಕ್ಕಿ ಹಾಕಿದ ಹೊಳೆಯ ಋಣ ಇಲ್ಲಿಯೂ ನಮ್ಮ ಮೇಲಿದೆ. ಮುಂದಿನ ರಜೆಯಲ್ಲಿ ಮಕ್ಕಳ ಕೈಗೆ ಮಂಡಕ್ಕಿ ಕೊಡುವಾಗ ಆ ಮೀನಿನ ಹೆಸರನ್ನೂ ಹೇಳಿಕೊಡೋಣ. ದಯೆಗೆ ತಿಳಿವು ಜೊತೆಯಾಗುವುದು ಅಲ್ಲಿಂದಲೇ.