ಮನೆಯ ಅಳತೆ

ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಹೆದ್ದಾರಿಯ ಅಂಚಿನಲ್ಲಿಯೂ, ಹೊಸದುರ್ಗ ಹೊಳಲ್ಕೆರೆಗಳ ಹೊರವಲಯದ ಬಡಾವಣೆಗಳಲ್ಲಿಯೂ ಈಚಿನ ವರ್ಷಗಳಲ್ಲಿ ಎದ್ದು ನಿಂತಿರುವ ಮನೆಗಳನ್ನು ಕಂಡವರಿಗೆ ಒಂದು ಸಂದೇಹವು ಸಹಜವಾಗಿಯೇ ಉಂಟಾಗುವುದು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನ. ಅದರ ಮೇಲೆ ಎರಡು ಮೂರು ಅಂತಸ್ತು. ಬೀದಿಯ ಕಡೆಗೆ ಕಂಬ, ಕಮಾನು, ಗಾಜು, ಹೊಳೆಯುವ ಕಲ್ಲಿನ ಹೊದಿಕೆ. ಹಿತ್ತಿಲ ಕಡೆಗೆ ಹೋದರೆ ಗಾರೆಯನ್ನೇ ಕಾಣದ ಗೋಡೆ. ಅಡಕೆಗೆ ಬೆಲೆ ಬಂದಾಗ ತೋಟದ ಹಣ, ಬಾರದಾಗ ಬ್ಯಾಂಕಿನ ಸಾಲ. ಇವನ್ನು ದೊಡ್ಡ ಮನೆಗಳೆನ್ನಬೇಕೋ, ದೊಡ್ಡ ಮುಖಗಳೆನ್ನಬೇಕೋ?

ಅಮೆರಿಕ ದೇಶದಲ್ಲಿ 1980ರ ದಶಕದಿಂದೀಚೆಗೆ ಇಂತಹ ಮನೆಗಳಿಗೆ 'ಮೆಕ್‌ಮ್ಯಾನ್ಷನ್' ಎಂಬ ಅಡ್ಡಹೆಸರು ಬಿದ್ದಿದೆ. ಊರೂರಿಗೂ ಒಂದೇ ರುಚಿಯ ತಿನಿಸನ್ನು ಮಾರುವ ಉಪಾಹಾರಗೃಹದ ಹೆಸರಿನ ತುಣುಕನ್ನು ಮಹಲಿಗೆ ಅಂಟಿಸಿದ ಪದವದು. ಆದರೆ ಅದರ ಲಕ್ಷಣವೇನೆಂದು ಕೇಳಿದರೆ ಅಲ್ಲಿಯವರಲ್ಲಿಯೇ ಒಮ್ಮತವಿಲ್ಲ. ಒಬ್ಬರು ಅಳತೆಯನ್ನು ಹೇಳುವರು, ಒಬ್ಬರು ಹೊಂದಿಕೆಯಿಲ್ಲದ ರೂಪವನ್ನು, ಮತ್ತೊಬ್ಬರು ಅಗ್ಗದ ಸಾಮಗ್ರಿಯನ್ನು. ಕನ್ನಡದಲ್ಲಿ ಹಾಗೆ ಹಳಿಯುವ ಪದವಿಲ್ಲ. ಇರುವುದು 'ಬಂಗಲೆ'ಯೆಂಬ ಮರ್ಯಾದೆಯ ಮಾತು. ವಿಚಿತ್ರವೆಂದರೆ ಬಂಗಲೆಯೆಂಬುದು ಮೂಲದಲ್ಲಿ ಬಂಗಾಳದ ರೀತಿಯ, ಒಂದೇ ಅಂತಸ್ತಿನ, ಹುಲ್ಲು ಹೊದಿಸಿದ ಮನೆ. ಗುಡಿಸಲಿನ ಹೆಸರು ಮಹಲನ್ನೇರಿ ಕುಳಿತಿದೆ!

ಮೊದಲು ಅಳತೆಯ ಮಾತನ್ನು ವಿಚಾರಿಸಬಹುದು. ಹಿಂದಿನವರು ಮನೆಯನ್ನು ಅಂಕಣಗಳಿಂದ ಎಣಿಸುತ್ತಿದ್ದರು. ಎರಡು ಕಂಬಗಳ ನಡುವಣ ಅವಕಾಶವು ಒಂದು ಅಂಕಣ. ತೊಲೆಯ ಮರವು ಎಷ್ಟು ಉದ್ದಕ್ಕೆ ಭಾರವನ್ನು ತಾಳೀತೋ ಅಷ್ಟೇ ಅದರ ಮಿತಿ. ಆಮೇಲೆ ನೂರು ಚದರಡಿಗೆ ಒಂದು 'ಚದರ'ವೆಂಬ ಲೆಕ್ಕ ಬಂದಿತು. ಇದರಲ್ಲಿ ತೊಲೆಯೂ ಇಲ್ಲ, ಭಾರವೂ ಇಲ್ಲ, ಬರಿಯ ವಿಸ್ತಾರ. ಆದರೂ ಹನ್ನೆರಡು ಜನರ ಕುಟುಂಬಕ್ಕೆ ಸಾಲದ ಇಪ್ಪತ್ತು ಚದರವು ಇಬ್ಬರು ವೃದ್ಧರಿಗೆ ಅತಿಯಾಗುವುದು. ಆದುದರಿಂದ ಅಡಿಯ ಲೆಕ್ಕದಿಂದ ಅತಿಯನ್ನು ನಿರ್ಣಯಿಸಲಾಗದು.

ಅಗ್ಗದ ಸಾಮಗ್ರಿಯೇ ದೋಷವೆಂಬ ವಾದವೂ ನಿಲ್ಲುವುದಿಲ್ಲ. ಚಿತ್ರದುರ್ಗದ ಕೋಟೆಯು 1779ರಲ್ಲಿ ಹೈದರಾಲಿಯ ವಶವಾಯಿತು; ನಾಯಕರ ಆಳ್ವಿಕೆ ಹೋಯಿತು. ಕೋಟೆಯೊಳಗಿನ ಟಂಕಸಾಲೆಯ ಮಣ್ಣಿನ ಗೋಡೆಗಳಾದರೋ ಇಂದಿಗೂ ನಿಂತಿವೆ. ಮಣ್ಣಿಗಿಂತ ಅಗ್ಗವಾದುದೇನಿದೆ? ಈ ಸೀಮೆಯ ಹಳೆಯ ಮಾಳಿಗೆ ಮನೆಗಳೂ ಅಷ್ಟೆ: ಜಂತೆಯ ಮೇಲೆ ಮಣ್ಣು, ಮೇಲೆ ಕರಲುಮಣ್ಣಿನ ಲೇಪ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮೊದಲು ಮನೆಯವರೇ ಮೇಲೇರಿ ಅದನ್ನು ಸರಿಪಡಿಸಬೇಕಾಗಿತ್ತು. ಮನೆಯು ಕೈಯ ಆರೈಕೆಯನ್ನು ಕೇಳುತ್ತಿತ್ತು, ದೊರೆತರೆ ಬಾಳುತ್ತಿತ್ತು.

ಉಳಿದುದು ರೂಪದ ಆಕ್ಷೇಪ. ಇಲ್ಲಿ ಎಚ್ಚರಿಕೆ ಬೇಕು. ಹಿಂದೆ ಎತ್ತರದ ಮನೆಯನ್ನು ಕಟ್ಟಿಕೊಳ್ಳಲು ಎಲ್ಲ ಜಾತಿಯವರಿಗೂ ಊರು ಒಪ್ಪುತ್ತಿರಲಿಲ್ಲ. ತಲೆಮಾರುಗಳ ಕಾಲ ಊರ ಹೊರಗೆ ಬಾಗಿದ ಮಾಡಿನ ಕೆಳಗೆ ಬಾಳಿದವರ ಮಗನು ಇಂದು ಎರಡು ಅಂತಸ್ತನ್ನೆತ್ತಿ ಅದಕ್ಕೆ ಗಾಢವಾದ ಬಣ್ಣವನ್ನು ಬಳಿಸಿದರೆ, ಹಳೆಯ ತೊಟ್ಟಿಯ ಮನೆಯ ಜಗಲಿಯಲ್ಲಿ ಕುಳಿತವರು ಅದನ್ನು 'ಆಡಂಬರ'ವೆಂದು ನಗುವುದು ಶರಣಧರ್ಮಕ್ಕೆ ಸಲ್ಲದು. ಹೊಸಬನ ಮನೆಯನ್ನು ಹಳಬನು ಅಳೆಯುವ ಕೋಲು ಬಹುವೇಳೆ ಅಸೂಯೆಯದೇ ಆಗಿರುವುದು.

ಹಾಗಾದರೆ ಯಾವ ಅಳತೆ ಉಳಿಯಿತು? ವೈಯಾಕರಣರು 'ಗೃಹ' ಶಬ್ದವನ್ನು 'ಗ್ರಹ' ಧಾತುವಿನಿಂದ ಸಾಧಿಸುವರು. ಆ ಧಾತುವಿಗೆ ಹಿಡಿಯುವುದು, ಸ್ವೀಕರಿಸುವುದು ಎಂದರ್ಥ. ಈ ಅರ್ಥವನ್ನು ಹಿಡಿದು ನೋಡಿದರೆ ಜಗಲಿಯು ಮನೆಯ ಮೊದಲ ಅಂಗವಾಗುವುದು. ದಾರಿಹೋಕನನ್ನು ಮನೆಯು ಮೊದಲು ಬರಮಾಡಿಕೊಳ್ಳುವುದು ಅಲ್ಲಿಯೇ. 2016ರ ರೇರಾ ಕಾಯಿದೆಯು ಮಾರಾಟದ ಮನೆಗಳ ಒಳವಿಸ್ತೀರ್ಣಕ್ಕೆ ಲಕ್ಷಣವನ್ನು ಹೇಳುವಾಗ ಮೊಗಸಾಲೆಯನ್ನೂ ತೆರೆದ ತಾರಸಿಯನ್ನೂ ಲೆಕ್ಕದಿಂದ ಬಿಟ್ಟಿದೆ. ಕೊಳ್ಳುವವನಿಗೆ ಮೋಸವಾಗದಿರಲೆಂಬುದೇ ಅದರ ಉದ್ದೇಶ, ಕಾಯಿದೆಯ ತಪ್ಪಿಲ್ಲ. ಆದರೆ ತನ್ನ ನಿವೇಶನದಲ್ಲಿ ತಾನೇ ಕಟ್ಟುವ ಗೃಹಸ್ಥನೂ ಜಗಲಿಯನ್ನು ಕೈಬಿಟ್ಟು, ಆ ಜಾಗದಲ್ಲಿ ಕಾರನ್ನು ನಿಲ್ಲಿಸಿ, ಬೀದಿಗೆ ಕಬ್ಬಿಣದ ಬಾಗಿಲನ್ನು ಹಾಕುತ್ತಿರುವನಲ್ಲ! ಮೇಲೆ ನಾಲ್ಕು ಕೋಣೆಗಳು ಬೀಗ ಹಾಕಿಕೊಂಡಿರುವುವು, ಮಕ್ಕಳು ಬೆಂಗಳೂರಿನಲ್ಲಿರುವರು, ಬಂದ ಜಂಗಮನು ಕುಳಿತುಕೊಳ್ಳಲು ಕಟ್ಟೆಯಿಲ್ಲ. ತಾನು ಬರಮಾಡಿಕೊಳ್ಳುವುದಕ್ಕಿಂತ ಹಿರಿದಾಗಿ ಬೆಳೆದ ಮನೆಯೇ ಅತಿಯಾದ ಮನೆ. ಒಂದೇ ಕೋಣೆಯದಾದರೂ ಸರಿಯೆ.

ಕಳಪೆಯ ಮೂಲವೂ ಇಲ್ಲಿಯೇ ಇದೆ. ಹಣವು ಆರು ಕೋಣೆಗೆ ಸಾಲುವಷ್ಟಿದ್ದು ಆಸೆಯು ಹತ್ತು ಕೋಣೆಯದಾದಾಗ, ಕೊರತೆಯನ್ನು ಯಾರಾದರೂ ತುಂಬಲೇಬೇಕು. ಚದರಕ್ಕೆ ಇಂತಿಷ್ಟೆಂದು ಗುತ್ತಿಗೆಯ ದರವನ್ನು ಜಗ್ಗಿ ಜಗ್ಗಿ ಇಳಿಸುವರು. ಗುತ್ತಿಗೆದಾರನು ಕಣ್ಣಿಗೆ ಬೀಳದ ಕಡೆ ಕೈಯಿಡುವನು: ಒಂಬತ್ತು ಅಂಗುಲದ ಗೋಡೆ ನಾಲ್ಕಾಗುವುದು, ಸರಳುಗಳ ಅಂತರ ಹೆಚ್ಚುವುದು. ಒಣ ಬಿಸಿಲಿನ ಪ್ರದೇಶದಲ್ಲಿ ಕಾಂಕ್ರೀಟಿಗೆ 10 ದಿನಗಳಿಗೆ ಕಡಿಮೆಯಿಲ್ಲದಂತೆ ನೀರುಣಿಸಬೇಕೆಂದು ಭಾರತೀಯ ಮಾನಕವು ವಿಧಿಸಿದೆ. ಹಿರಿಯೂರಿನ ಬೇಸಗೆಯಲ್ಲಿ ಕೊಳವೆಬಾವಿ ಬತ್ತಿ, ನೀರು ಟ್ಯಾಂಕರಿನಲ್ಲಿ ಬರುವಾಗ ಆ ಹತ್ತು ದಿನ ಮೂರು ದಿನವಾಗುವುದು. ತಾರಸಿ ಸೋರುವುದು, ಸರಳು ತುಕ್ಕು ಹಿಡಿಯುವುದು. ಆಗ ಮನೆಯೊಡೆಯನು ಮೇಸ್ತ್ರಿಯನ್ನು ಬೈಯುವನು.

ಮೇಸ್ತ್ರಿಯ ಪಾಲಿನ ತಪ್ಪನ್ನು ಮುಚ್ಚಬೇಕಾಗಿಲ್ಲ. ಆದರೆ ಸತ್ಯಶುದ್ಧ ಕಾಯಕವೆಂಬುದು ಕರಣೆ ಹಿಡಿದವನಿಗೆ ಮಾತ್ರ ವಿಧಿಸಿದ ನೇಮವಲ್ಲ. ನೆಟ್ಟಗೆ ಕಟ್ಟಲಾಗದ ದರಕ್ಕೆ ಕಟ್ಟೆಂದು ಒತ್ತಾಯಿಸಿದವನು, ಒಬ್ಬ ದುಡಿಯುವವನ ಕಾಯಕವನ್ನು ಹಣಕೊಟ್ಟು ಕೆಡಿಸಿದನು. ಮನೆ ತನ್ನದು, ಹಣ ತನ್ನದು, ಇದರಲ್ಲಿ ಅನ್ಯರಿಗೇನೆಂಬ ಸಮಾಧಾನವು ಇಲ್ಲಿ ನಡೆಯದು. ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಮೇಲಂತಸ್ತಿನ ಎರಡು ಕೋಣೆಗಳನ್ನು ಅಳಿಸಿ, ಉಳಿದ ಹಣದಲ್ಲಿ ಗೋಡೆಗೆ ದಪ್ಪವನ್ನೂ ತಾರಸಿಗೆ ಹತ್ತು ದಿನದ ನೀರನ್ನೂ ಮೇಸ್ತ್ರಿಗೆ ತಕ್ಕ ಕೂಲಿಯನ್ನೂ ಬಾಗಿಲ ಮುಂದೆ ಒಂದು ಗೇಣೆತ್ತರದ ಜಗಲಿಯನ್ನೂ ಕೂಡಿಸಲು ಈಗಲೂ ಬರುತ್ತದೆ.